ಮಾತ್ರೆ

ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿಗೆ ಕೊಟ್ಟು
ಅಂಗಡಿ ಕಟ್ಟೆಯ ಮೇಲೆ ಕಾಯುತ್ತಿದ್ದಾಗ
ಹುಟ್ಟಿದ ಧಾಟಿ ಅದು. ಪದ ಇನ್ನೂ ಇರಲಿಲ್ಲ.
ಚೌರಪ್ಪ ಎದುರಿನ ಬೋರ್ಡುಗಳನ್ನೇ ಹಾಡಿಕೊಂಡ:
'ಬೀಗ ರಿಪೇರಿ, ಛತ್ರಿ ರಿಪೇರಿ,
ಸಾಲ ಕೇಳದೆ ಬನ್ನಿ ಒಳಗಡೆ...'
ಮೂಟೆ ಹೊತ್ತು ಹೋಗುತ್ತಿದ್ದವನೊಬ್ಬ
ತನಗೇ ತಿಳಿಯದೆ ಹೆಜ್ಜೆ ಬದಲಿಸಿದ.

'ನೋಡು ರುದ್ರಾಣಿ, ಇದು ನಡೆಯುತ್ತೆ.
ಮೂರು ನಾಲ್ಕು, ಮೂರು ನಾಲ್ಕು.
ಇನ್ನು ಅರ್ಥ ಒಂದು ಹಾಕಿಬಿಡು.'

ಅರ್ಥ ಒಂದು ಹಾಕಿಬಿಡಬೇಕಂತೆ!
ಸಾರಿಗೆ ಉಪ್ಪು ಹಾಕಿದ ಹಾಗೆ.

ನಾನು ಆಗ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು,
ಒಂದು ಒತ್ತು ಬಿದ್ದುಹೋದರೆ
ಹುಡುಗಿಯ ಅಪ್ಪ ಜಗಳಕ್ಕೇ ಬರುವ ಕೆಲಸ.
ಸಂಜೆ ಚಾಮರಾಜಪೇಟೆಯ ಶಾಲೆ:
ಕರಿಹಲಗೆಯಲ್ಲಿ ಯಾವುದೋ ಮಗು ತಪ್ಪಿಸಿದ ಗುಣಾಕಾರ,
ಪಕ್ಕದಲ್ಲೇ ನನ್ನ ಲಘು ಗುರು.

ನಾಟಕದಲ್ಲಿ, ಊರಿಗೆ ಕರೆಂಟು ಬಂದ ರಾತ್ರಿ,
ಬೀದಿದೀಪ ಹಚ್ಚುತ್ತಿದ್ದವನು ಏಣಿ ಹೊತ್ತು
ಮನೆಗೆ ಬರುತ್ತಾನೆ. ಹೆಂಡತಿ ಹಾಡಬೇಕು.
ನಾನು ಬರೆದೆ:

ಊರ ದೀಪವ ಹಚ್ಚಿ ಬಂದವ
ಎಂದು ಹಚ್ಚುವೆ ನಮ್ಮ ಒಲೆಯನ್ನು

ಚೌರಪ್ಪನ ಕಾಲು ಪೆಡಲಿನ ಮೇಲೇ ನಿಂತಿತು.
'ಒಂದು ಮಾತ್ರೆ ಜಾಸ್ತಿ. ಒತ್ತು ತೆಗಿ. ಒಲೆಯನು ಅನ್ನು.'
ಒಲೆಯನು ಅಂತ ಯಾವ ಹೆಂಗಸು ಅಂತಾಳೆ?
'ದೀಪವ ಅಂತ ಅಂದಳಲ್ಲ?'
ಅದು ಊರಿನ ದೀಪ, ಊರಿನವರ ಭಾಷೆ.
ಒಲೆ ಅವಳದು.

ಒಂಬತ್ತು ದಿನ.
ಅವನು ನನ್ನ ಒತ್ತಿನ ಮೇಲೆ ಬೇಕೆಂದೇ
ಅಪಸ್ವರ ಒತ್ತುತ್ತಿದ್ದ. ನಾನು
ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು
ಹದಿನೈದನೇ ನಂಬರ್ ಬಸ್ಸಿಗೆ ಓಡುತ್ತಿದ್ದೆ.
ಬಸ್ಸಿನಲ್ಲಿ ಕಿಟಕಿ ಸರಳಿನ ಮೇಲೆ ನನ್ನದೇ ಬೆರಳು
ಮೂರು ನಾಲ್ಕು ಬಡಿಯುತ್ತಿತ್ತು, ದ್ರೋಹಿ.

ಹತ್ತನೇ ದಿನ ಕಾಟನ್‌ಪೇಟೆಯ ತಿಮ್ಮಾಜಮ್ಮ,
ಎರಡು ಕಂಪನಿ ಮುಳುಗಿದ್ದನ್ನು ಕಂಡವಳು,
ಓದು ಬಾರದವಳು, ಬನ್ನು ಚಹಾದಲ್ಲಿ ಅದ್ದುತ್ತ
ನಮ್ಮಿಬ್ಬರ ಕಡೆ ನೋಡದೆ
ಗೋಡೆಗೆ ಹೇಳಿದ ಹಾಗೆ ಹಾಡಿದಳು:

...ಎಂದು ಹಚ್ಚುವೆ ನಮ್ಮ ಒಲೇನ

ಮನೆಯಲ್ಲಿ ಅನ್ನುವ ಹಾಗೆಯೇ. ಸರಿಯಾಗಿ ನಾಲ್ಕು.
ಬನ್ನಿನ ತುದಿ ಮುರಿದು ಲೋಟಕ್ಕೆ ಬಿತ್ತು.
ನಾನೂ ಚೌರಪ್ಪನೂ ಅದನ್ನೇ ನೋಡುತ್ತ ಕೂತೆವು.

ಕಲಾಕ್ಷೇತ್ರದಲ್ಲಿ ಆ ಸಾಲಿಗೆ ಕೆಮ್ಮು ಕೂಡ ನಿಂತಿತು.
ಗೋಡೆಗೆ ಅಂಟಿಸಿದ ಕಾಗದದಲ್ಲಿ
ಪದ ರುದ್ರಾಣಿ, ಸಂಗೀತ ಚೌರಪ್ಪ.
ಕರಡು ತಿದ್ದಿದವಳು ನಾನೇ.
ಬಿದ್ದುಹೋದ ಹೆಸರು ಕಣ್ಣಿಗೆ ಬೀಳಲಿಲ್ಲ.
ಆಮೇಲೆ ಹದಿನೇಳು ನಾಟಕ. ಎಲ್ಲದರಲ್ಲೂ ಜಗಳ.
ಒಲೇನ ಯಾರದು ಅಂತ ಕೇಳಿದವರಿಗೆ ಅವನು
'ನನ್ನ ಧಾಟಿ ಕೇಳಿತು' ಅನ್ನುತ್ತಿದ್ದ,
ನಾನು 'ನನ್ನ ಹೆಂಗಸು ಅಂದಳು' ಅನ್ನುತ್ತಿದ್ದೆ.

ಮೊನ್ನೆ ಶ್ರೀರಾಮಪುರಕ್ಕೆ ಹೋಗಿದ್ದೆ.
ಅವನ ಕಿಟಕಿಯ ಮಟ್ಟಕ್ಕೇ ಈಗ ಮೆಟ್ರೋ ಹಾಯುತ್ತದೆ;
ಯಾವ ತಾಳಕ್ಕೂ ಸಿಗುವುದಿಲ್ಲವಂತೆ, ಅದರ ಮೇಲೆ ಸಿಟ್ಟು.
ಮಗಳು ಫಿಲೋಮಿನ ಡಬ್ಬಿಯ ಮನೆಮನೆಗೆ
ಮಾತ್ರೆ ತುಂಬುತ್ತಿದ್ದಳು.
'ಬೆಳಿಗ್ಗೆ ಮೂರು ಆಂಟಿ, ರಾತ್ರಿ ನಾಲ್ಕಿತ್ತು,
ಡಾಕ್ಟರು ಐದು ಮಾಡಿದಾರೆ.'

ಚೌರಪ್ಪ ಹೊದಿಕೆಯ ಮೇಲೆ ಬೆರಳಾಡಿಸಿದ.
ಮೂರು. ನಾಲ್ಕು. ಮುಗ್ಗರಿಸಿದ.
'ಕೇಳಿದೆಯಾ? ಒಂದು ಜಾಸ್ತಿ. ನಿನ್ನ ಕಸುಬಿನ ಡಾಕ್ಟರು.'

ಒತ್ತು ತೆಗೆಸೋಣ ಬಿಡು, ಅಂದೆ.

'ನಿನ್ನ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ.
ತಿಮ್ಮಾಜಮ್ಮನ್ನ ಕರಿ' ಅಂದ,
'ಚಹಾ ತರಿಸಿರು.'